ಮೇಷ್ಟ್ರನ್ನು ಬಿಟ್ಟು ಆರಿಸಿದ ಬೆಟ್ಟ

ಊಟವಾದ ಮೇಲೆ ಮೇಷ್ಟ್ರು ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು, ಸೈಕಲ್ಲಿಗೆ ಸಿಕ್ಕಿಸಿದ್ದ ಬಾಟಲಿಯ ನೀರಿನಲ್ಲಿ ತೊಳೆದುಕೊಳ್ಳುತ್ತಿದ್ದರು. ನಮ್ಮೆಲ್ಲರ ಎದುರಿಗೇ. ಅವಲಕ್ಕಿಯ ಒಂದು ಚೂರೋ ಕೊತ್ತಂಬರಿಯ ಎಲೆಯೋ ಗುಲಾಬಿ ಬಣ್ಣದ ಆ ಒಸಡಿನಿಂದ ಜಾರಿ ಒಣಮಣ್ಣಿಗೆ ಬೀಳುತ್ತಿತ್ತು. ಆ ಒಂದು ನಿಮಿಷ ಅವರ ಕೆನ್ನೆ ಕುಸಿದು, ತುಟಿ ಒಳಕ್ಕೆ ಹೋಗಿ, ಬೇರೆ ಯಾರೋ ಮುದುಕರು ಬಂದು ಕೂತ ಹಾಗೆ ಕಾಣುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಕೈಯಲ್ಲಿದ್ದ ಚಪಾತಿಯನ್ನು ಹಾಗೇ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಆಮೇಲಾಮೇಲೆ ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ತಿರುಗುವುದನ್ನು ಕಲಿತೆ. ಹೇಸಿಗೆ ಮಾತ್ರ ಹೋಗಲಿಲ್ಲ.

ಅದೊಂದನ್ನು ಬಿಟ್ಟರೆ ಅವರಂಥ ಜೊತೆಗಾರರು ನನಗೆ ಈ ದೇಶದಲ್ಲಿ ಸಿಕ್ಕಿರಲಿಲ್ಲ. ಮೈಸೂರಿನವರು, ಲಾಸ್ ಏಂಜಲಿಸ್ ಬಳಿಯ ಪೊಮೊನಾದಲ್ಲಿ ಬಹಳ ವರ್ಷ ಇಂಜಿನಿಯರಿಂಗ್ ಪಾಠ ಹೇಳಿ ರಿಟೈರ್ ಆದವರು. ಅರವತ್ತೆಂಟು ವಯಸ್ಸು. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದೆ ಸೈಕಲ್ ಕಟ್ಟಿಕೊಂಡು, ಒಂದೂವರೆ ಗಂಟೆ ಡ್ರೈವ್ ಮಾಡಿ ಸ್ಯಾನ್ ಡಿಯೇಗೋ ಬಳಿಯ ನಮ್ಮ ಪೊವೇ ಗುಡ್ಡಗಳಿಗೆ ಬರುತ್ತಿದ್ದರು.

ನಾನು ಪೊವೇಯ ಒಂದು ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್. ಆಗ ನಲವತ್ತೊಂದು. ಕೂತು ಕೂತು ಸೊಂಟ ಹಿಡಿದುಕೊಂಡಿದೆ, ವ್ಯಾಯಾಮ ಮಾಡಿ ಎಂದು ಹೇಳಿಸಿಕೊಂಡು ಮೌಂಟನ್ ಬೈಕ್ ತಗೊಂಡವಳು. ಮೊದಲ ಇಳಿಜಾರಿನಲ್ಲೇ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಸೈಕಲ್ಲಿನ ತಲೆಯ ಮೇಲಿಂದ ಹಾರಿ ಪೊದೆಯಲ್ಲಿ ಬಿದ್ದಿದ್ದೆ. ಜೊತೆಯವರೆಲ್ಲ ಮುಂದೆ ಹೋಗಿಯಾಗಿತ್ತು. ಮೇಷ್ಟ್ರು ವಾಪಸ್ ಹತ್ತಿ ಬಂದು, ನನ್ನ ಮೊಣಕೈಯಿಂದ ಮುಳ್ಳು ತೆಗೆದು, "ಇಳಿಯುವಾಗ ಸೀಟಿನಿಂದ ಎದ್ದು ಹಿಂದಕ್ಕೆ ಜರುಗಿಬಿಡಿಮ್ಮಾ. ಬ್ರೇಕಿಗೆ ಒಂದೇ ಬೆರಳು ಸಾಕು. ಅದೇನು ಎಮ್ಮೆಯ ಹಗ್ಗವಲ್ಲ," ಎಂದಿದ್ದರು. ಅದೇ ಇಳಿಜಾರನ್ನು ಅವತ್ತು ನನ್ನಿಂದ ನಾಲ್ಕು ಸಲ ಇಳಿಸಿದರು. ನಾಲ್ಕನೆಯ ಸಲ ನಾನು ಬೀಳಲಿಲ್ಲ.

ನಮ್ಮ ಗುಂಪಿನಲ್ಲಿ ಇದ್ದದ್ದು ಐದು ಜನ. ಮೇಷ್ಟ್ರು, ನಾನು, ಹತ್ತಿರದ ಕಾರ್ಮೆಲ್ ವ್ಯಾಲಿಯಲ್ಲಿದ್ದ ಬೆಂಗಳೂರಿನ ದಂಪತಿ, ಮತ್ತೆ ವಿಜಯಪುರದ ಕಡೆಯ ಒಬ್ಬ ಡಾಕ್ಟರು. ಬೆಂಗಳೂರಿನ ಆತ ಒಂದು ಕಂಪನಿಯಲ್ಲಿ ಡೈರೆಕ್ಟರ್. ಮನೆಯಲ್ಲೂ ಗುಡ್ಡದ ಮೇಲೂ ಡೈರೆಕ್ಟರೇ. ಡಾಕ್ಟರದು ನಮ್ಮ ಕಡೆಯ ಮಾತು. ನಾನು ಹುಬ್ಬಳ್ಳಿಯವಳಾದ್ದರಿಂದ ಆ ಮಾತು ಕಿವಿಗೆ ಬಿದ್ದರೇ ನಂಬಿಕೆ ಬರುತ್ತಿತ್ತು. ನನ್ನ ಗಂಡನಿಗೆ ಸೈಕಲ್ ಎಂದರೆ ಆಗದು. ಭಾನುವಾರ ಮಗಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದರು.

ಯೂರೋಪಿನ ಮಾತು ತೆಗೆದದ್ದು ಮೇಷ್ಟ್ರೇ. ಎರಡು ಸಾವಿರದ ಆರನೇ ಇಸವಿಯ ಕೊನೆ. ಗುಡ್ಡದ ನೆತ್ತಿಯಲ್ಲಿ ಬಂಡೆಯ ಮೇಲೆ ಕೂತು ಎಲ್ಲರೂ ತಿನ್ನುತ್ತಿದ್ದೆವು.

"ಹುಡುಗನಾಗಿದ್ದಾಗ ಎರಡು ವರ್ಷ ಜರ್ಮನಿಯಲ್ಲಿದ್ದೆ," ಎಂದರು. "ಬ್ಲ್ಯಾಕ್ ಫಾರೆಸ್ಟ್ ಅಂತ ಇದೆಯಲ್ಲ, ಅಲ್ಲಿ ಕಾಡಿನೊಳಗೇ ಊರಿಂದ ಊರಿಗೆ ದಾರಿ. ಬೆಳಿಗ್ಗೆ ಹೊರಟರೆ ಸಾಯಂಕಾಲಕ್ಕೆ ಇನ್ನೊಂದು ಹಳ್ಳಿ. ಅಲ್ಲೊಂದು ಸಣ್ಣ ಹೋಟೆಲು. ಮಲಗೋದು, ಎದ್ದು ಹೊರಡೋದು. ಆಗ ನನ್ನ ಹತ್ತಿರ ಸೈಕಲ್ ಇರಲಿಲ್ಲ, ನಡೆದಿದ್ದೆ. ಒಂದು ವಾರ ಎಲ್ಲರೂ ಹೋಗಿಬರೋಣವೇ?"

ಸೈಕಲ್ಲಿನಲ್ಲಿ ಕ್ರಾಸ್ ಕಂಟ್ರಿ ಎಂದರೆ ನಮಗೆ ಗೊತ್ತಿದ್ದದ್ದೂ ಅದೇ. ಏರನ್ನೂ ಸ್ವಂತ ಕಾಲಿನಲ್ಲೇ ಏರಿ, ಇಳಿಯುವುದನ್ನೂ ತಾನೇ ಇಳಿದು, ದಿನವಿಡೀ ಕಾಡುದಾರಿಯಲ್ಲಿ ತುಳಿಯುವುದು. ಎಲ್ಲರೂ ಹೋ ಎಂದರು. ನನಗಂತೂ ಆ ರಾತ್ರಿ ಅಡುಗೆ ಮಾಡುವಾಗಲೂ ಅದೇ ಗುಂಗು.

ಮೊದಲ ಮೀಟಿಂಗು ಜನವರಿಯಲ್ಲಿ, ಕಾರ್ಮೆಲ್ ವ್ಯಾಲಿಯ ಮನೆಯಲ್ಲಿ. ಡೈರೆಕ್ಟರು ಆಫೀಸಿನಿಂದ ಪ್ರೊಜೆಕ್ಟರ್ ತಂದಿದ್ದರು. ಗೋಡೆಯ ಮೇಲೆ ಯೂರೋಪಿನ ಒಂದೊಂದೇ ಬೆಟ್ಟ ಬಂದು ಹೋಗುತ್ತಿತ್ತು. ಅವತ್ತಿನ ಚರ್ಚೆ ನೆನೆದರೆ ಈಗಲೂ ಬಾಯಲ್ಲಿ ಹುಳಿ ನೀರು ಬರುತ್ತದೆ. ಸ್ಪೇನಿನ ದಕ್ಷಿಣದ ಗುಡ್ಡಗಳು ಬಂದವು. "ಇದು ಪೊವೇ ಥರಾನೇ ಇದೆ, ಒಣಕಲು. ಇದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಎಂದರು ಡೈರೆಕ್ಟರ ಹೆಂಡತಿ. ಸ್ಲೊವೇನಿಯಾ ಬಂತು. ಹಸಿರು ಕಣಿವೆ, ಖಾಲಿ ದಾರಿ, ನನಗೆ ನೋಡಿದ ಕೂಡಲೇ ಇಷ್ಟವಾಯಿತು. "ಸ್ಲೊವೇನಿಯಾಗೆ ಹೋಗಿದ್ವಿ ಅಂದ್ರೆ ಆಫೀಸಲ್ಲಿ ಒಬ್ಬನಿಗೂ ಗೊತ್ತಾಗಲ್ಲ. ಅದು ಎಲ್ಲಿದೆ ಅಂತ ನಾವೇ ಪಾಠ ಮಾಡ್ಬೇಕು," ಎಂದು ಡೈರೆಕ್ಟರು ಮುಂದಿನ ಚಿತ್ರಕ್ಕೆ ಹೋದರು. ಸ್ಕಾಟ್ಲೆಂಡಿನ ತಪ್ಪು ಅಲ್ಲಿನ ಮಳೆ. ಸ್ವಿಟ್ಜರ್ಲೆಂಡಿಗೆ ಡಾಕ್ಟರ ನೆರೆಮನೆಯವರು ಹೋಗಿಬಂದುಬಿಟ್ಟಿದ್ದರು. "ಅವ್ರು ಉಂಡ ಎಲಿಮ್ಯಾಲೆ ನಾವ್ಯಾಕ್ರೀ ಉಣ್ಣೂದು?" ಎಂದರು ಡಾಕ್ಟರು. ಯಾವ ದಾರಿಯಲ್ಲಿ ಎಷ್ಟು ಏರು, ಮಣ್ಣೋ ಕಲ್ಲೋ, ನಮ್ಮ ಕಾಲಿಗೆ ಆಗುತ್ತದೋ ಎಂದು ಒಬ್ಬರೂ ಕೇಳಲಿಲ್ಲ.

ಮೇಷ್ಟ್ರು ತಮ್ಮ ಸರದಿ ಬರುವವರೆಗೂ ಸುಮ್ಮನೆ ಕೂತಿದ್ದರು. ಆಮೇಲೆ ಬಗಲಚೀಲದಿಂದ ಒಂದು ಹಳೆಯ ಕಾಗದದ ಮ್ಯಾಪು ತೆಗೆದು ಊಟದ ಟೇಬಲ್ಲಿನ ಮೇಲೆ ಬಿಡಿಸಿದರು. ಮಡಿಕೆಯಲ್ಲೆಲ್ಲ ಹರಿದು, ಟೇಪು ಹಚ್ಚಿದ ಮ್ಯಾಪು. ಪೆನ್ಸಿಲಿನಲ್ಲಿ ಏಳು ದಿನದ ದಾರಿ ಬರೆದಿದ್ದರು. "ನೋಡಿಮ್ಮಾ, ಮೂರನೆಯ ದಿನ ಸ್ವಲ್ಪ ಕಷ್ಟ. ಅದಕ್ಕೇ ನಾಲ್ಕನೆಯ ದಿನ ಹಗುರ ಮಾಡಿದ್ದೀನಿ," ಎಂದು ನನಗೆ ತೋರಿಸಿದರು. ಮನೆಯಾಕೆ ಬಂದು ಮ್ಯಾಪಿನ ಒಂದು ತುದಿ ಎತ್ತಿ ಅದರ ಕೆಳಗೆ ಪೇಪರ್ ಟವೆಲ್ ಹಾಸಿದರು. ಟೇಬಲ್ ಹೊಸದಿರಬೇಕು ಎಂದುಕೊಂಡೆ.

ಕತ್ತಲಾಗುವ ಮೊದಲೇ ಫ್ರೀವೇ ಹಿಡಿಯಬೇಕೆಂದು ಮೇಷ್ಟ್ರು ಹೊರಟರು. ಅವರ ಕಾರು ತಿರುವು ದಾಟುವುದನ್ನೇ ಕಾದಿದ್ದಂತೆ ಆಕೆ ಡಬ್ಬಿಯಿಂದ ಔಷಧಿ ವಾಸನೆಯ ಒದ್ದೆ ಟಿಶ್ಯೂ ತೆಗೆದು ಅವರು ಕೂತಿದ್ದ ಕುರ್ಚಿ, ಟೇಬಲ್ಲಿನ ಅಂಚು, ಅವರು ನೀರು ಕುಡಿದ ಲೋಟವನ್ನೂ ಒರೆಸಿದರು. ಆಮೇಲೆ ಲೋಟವನ್ನು ಕಸದ ಬುಟ್ಟಿಗೇ ಹಾಕಿದರು. ಗಾಜಿನ ಲೋಟ.

"ಏನ್ ಮಾಡ್ಲಿ, ಆ ಹಲ್ಲು ತೆಗೆದ ಕೈ ಕಣ್ಣ ಮುಂದೆ ಬರತ್ತೆ. ಒಂದು ವಾರ ಅವರ ಜೊತೆ ಊಟ ಮಾಡ್ಬೇಕು ಅಂದ್ರೆ ನಾನು ಉಪವಾಸಾನೇ," ಎಂದರು. ಎಲ್ಲರೂ ನಕ್ಕರು. ಡಾಕ್ಟರು ತುಟಿ ಒಳಕ್ಕೆ ಎಳೆದುಕೊಂಡು ಮೇಷ್ಟ್ರ ಹಾಗೆ, "ನೋಡಿಮ್ಮಾ" ಎಂದು ಅಣಕಿಸಿದರು. ಚೆನ್ನಾಗಿ ಅಣಕಿಸಿದರು. ನನಗೂ ನಗು ಬಂತು. ನಕ್ಕೆ.

ಆ ವಾರವೇ ಇಮೇಲಿನ ಹೊಸ ಗುಂಪು ಶುರುವಾಯಿತು. ಅದರಲ್ಲಿ ನಾವು ನಾಲ್ಕೇ ಜನ. ಬೆಟ್ಟ ಬೇಗ ತೀರ್ಮಾನವಾಯಿತು. ಇಟಲಿಯ ಡಾಲೊಮೈಟ್ಸ್. ಹೆಸರು ಹೇಳಿದರೆ ಎಲ್ಲರಿಗೂ ಗೊತ್ತು, ಫೋಟೋ ಚೆನ್ನಾಗಿ ಬರುತ್ತದೆ, ಏರು ಕಷ್ಟವಾದಲ್ಲಿ ಸೈಕಲ್ ಸಮೇತ ಕೇಬಲ್ ಕಾರಿನಲ್ಲಿ ಹತ್ತಬಹುದು. ರಾತ್ರಿ ಬೆಟ್ಟದ ಮೇಲಿನ ತಂಗುಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಬೇಕು. "ಗ್ಲಾಸಿನಲ್ಲಿ ಅದನ್ನು ನೆನೆಹಾಕಿ ನನ್ನ ತಲೆದೆಸೆಯಲ್ಲಿ ಇಟ್ಟರೆ?" ಎಂದು ಡೈರೆಕ್ಟರ ಹೆಂಡತಿ ಬರೆದರು. ಉಳಿದಿದ್ದು ಮೇಷ್ಟ್ರಿಗೆ ಹೇಗೆ ಹೇಳುವುದು ಎಂಬುದು. ಡಾಕ್ಟರು ದಾರಿ ಕಂಡುಹಿಡಿದರು. ಅಷ್ಟು ಎತ್ತರ, ಆ ವಯಸ್ಸು, ಹೃದಯಕ್ಕೆ ಒಳ್ಳೆಯದಲ್ಲ. ವೈದ್ಯನಾಗಿ ತಾನು ಒಪ್ಪುವಂತಿಲ್ಲ.

"ಇದನ್ನ ನೀವೇ ಹೋಗಿ ಹೇಳ್ರೀ," ಎಂದು ನನಗೆ ಫೋನ್ ಮಾಡಿದರು. "ನಿಮ್ಮ ಮ್ಯಾಲೆ ಅವ್ರಿಗೆ ಭಾಳ ಅಭಿಮಾನ. ನಾ ಹೇಳಿದ್ರ ಬ್ಯಾಸರ ಮಾಡ್ಕೋತಾರ."

"ನಿಜವಾಗ್ಲೂ ಅಪಾಯ ಐತೇನ್ರೀ?" ಎಂದು ಕೇಳಿದೆ.

"ಅಲ್ರೀ, ನಾ ಡಾಕ್ಟರ್ ಅದೀನಿ. ಸುಮ್ನ ಹೇಳ್ತೀನೇನು?"

ನಂಬಿದೆ ಎಂದು ಬರೆದರೆ ನನಗೆ ಅನುಕೂಲ. ಅರ್ಧ ನಂಬಿದೆ. ಇನ್ನರ್ಧಕ್ಕೆ ಆ ತಂಗುಮನೆಯ ಕೋಣೆ ಕಣ್ಣಿಗೆ ಬಂದಿತ್ತು, ಗ್ಲಾಸೂ ಬಂದಿತ್ತು.

ಶನಿವಾರ ಪೊಮೊನಾಕ್ಕೆ ಹೋದೆ. ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು. ಗಟ್ಟಿ ಹೆಂಗಸು, ಬಾಯಿ ಚುರುಕು. ರವೆ ಉಂಡೆ ಕಟ್ಟುತ್ತಾ ಇದ್ದ ಕೈಯಲ್ಲೇ ನನ್ನನ್ನು ಒಳಗೆ ಕರೆದರು. ಮೇಷ್ಟ್ರು ಗ್ಯಾರೇಜಿನಿಂದ ಚೈನಿನ ಎಣ್ಣೆ ಒರೆಸಿಕೊಳ್ಳುತ್ತಾ ಬಂದರು. ಇನ್ನೊಂದು ಮ್ಯಾಪು ತರಿಸಿದ್ದಾರಂತೆ, ಹೊಸದು. ಅದನ್ನು ತೆಗೆಯುವ ಮೊದಲೇ ನಾನು ಹೇಳಿಬಿಟ್ಟೆ.

"ಅಂಕಲ್, ಡಾಲೊಮೈಟ್ಸ್ ಅಂತ ಆಗಿದೆ. ತುಂಬಾ ಎತ್ತರ. ಡಾಕ್ಟರು ನಿಮಗೆ ಬೇಡ ಅಂತಾರೆ. ಹಾರ್ಟಿಗೆ ತೊಂದರೆ ಆಗಬಹುದು ಅಂತ."

ಮೇಷ್ಟ್ರು ಕೈಯ ಎಣ್ಣೆ ಒರೆಸಿಕೊಳ್ಳುತ್ತಲೇ ಇದ್ದರು. ಮಾತಾಡಿದ್ದು ಅವರ ಹೆಂಡತಿ, ಆಂಟಿ.

"ಯಾವ ಡಾಕ್ಟರು? ನಿಮ್ಮ ಜೊತೆ ಸೈಕಲ್ ಹೊಡೆಯೋನೇ? ಅವನಿಗೆ ಗೊತ್ತಿಲ್ವೇನಮ್ಮ? ಟ್ರಿಪ್ ಅಂದ ಕೂಡಲೇ ಇವರು ಡಿಸೆಂಬರಲ್ಲೇ ಹೋಗಿ ಟ್ರೆಡ್‌ಮಿಲ್ ಮೇಲೆ ಓಡಿ ಎಲ್ಲಾ ಟೆಸ್ಟೂ ಮಾಡಿಸಿಕೊಂಡು ಬಂದಿದ್ದಾರೆ. ರಿಪೋರ್ಟನ್ನ ಅವನಿಗೇ ಕಳಿಸಿದ್ರು. 'ಫಸ್ಟ್ ಕ್ಲಾಸ್ ಐತ್ರೀ, ಐವತ್ತು ವರ್ಷದವ್ರ ಹಾರ್ಟು' ಅಂತ ಅವನೇ ಫೋನ್ ಮಾಡಿ ಹೇಳಿದ್ದು. ನಾನೇ ಎತ್ತಿದ್ದು ಫೋನು."

"ಸುಮ್ಮನಿರೇ," ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿ, "ನಿಮಗೂ ಹಾಗೇ ಅನ್ನಿಸತ್ತಾಮ್ಮಾ? ನಾನು ಬರಬಾರದು ಅಂತ?" ಎಂದು ಕೇಳಿದರು.

ಅಷ್ಟು ಹೊತ್ತಿಗೆ ನನಗೆ ಎಲ್ಲ ಗೊತ್ತಾಗಿತ್ತು. ಆದರೂ, "ಸುಮ್ಮನೆ ರಿಸ್ಕ್ ಯಾಕೆ ಅಂಕಲ್," ಎಂದೆ.

ಆಂಟಿ ಡಬ್ಬಿಗೆ ಉಂಡೆ ತುಂಬಿ ಕೊಟ್ಟರು. ಆ ಮನೆಯ ಮರ್ಯಾದೆ ಅದು. ಮನೆಗೆ ಬರುವ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಅಲ್ಲಿನ ಟಾಯ್ಲೆಟ್ಟು ಕಾಲಿಡಲಾರದಷ್ಟು ಗಲೀಜಾಗಿತ್ತು, ನೆಲವೆಲ್ಲ ಒದ್ದೆ, ಸಿಂಕಿನಲ್ಲಿ ಯಾರದೋ ಕೂದಲು. ಅದೇ ಸಿಂಕಿನ ಮುಂದೆ ನಿಂತು ಬಾಯಿ ಮುಕ್ಕಳಿಸಿದೆ. ಮತ್ತೆ ಮುಕ್ಕಳಿಸಿದೆ. ಆ ಗಲೀಜು ನನಗೆ ಏನೂ ಅನ್ನಿಸಲಿಲ್ಲ.

ಮರುದಿನ, ಮೇಷ್ಟ್ರು ಬರದ ಭಾನುವಾರ, ಗುಡ್ಡದ ಬುಡದಲ್ಲಿ, ಕಾರುಗಳಿಂದ ಸೈಕಲ್ ಇಳಿಸುತ್ತಿರುವಾಗ ಡಾಕ್ಟರನ್ನು ಕೇಳಿದೆ. "ರಿಪೋರ್ಟ್ ನೋಡಿದ್ರಂತಲ್ಲಾ?"

ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ, "ನೋಡೀನಿ. ರಿಪೋರ್ಟ್ ಬ್ಯಾರೆ, ಬೆಟ್ಟ ಬ್ಯಾರೆ," ಎಂದರು.

"ಸುಳ್ಳು ಹೇಳಿಸಿದ್ರಿ ನನ್ನ ಕಡೆಯಿಂದ."

"ಹೇಳ್ಸಿದ್ದು ನಾನು. ಹೇಳಿದವ್ರು ನೀವಲ್ಲೇನ್ರೀ?" ಎಂದು ನಕ್ಕರು.

ಡೈರೆಕ್ಟರ ಹೆಂಡತಿ ಕೈಗವಸು ಹಾಕಿಕೊಳ್ಳುತ್ತಾ, "ಅಯ್ಯೋ ಬಿಡಿ, ಅವರಿಗೂ ಒಳ್ಳೇದೇ ಆಯ್ತು. ನೀವೂ ಊಟದ ಹೊತ್ತಿಗೆ ಆ ಕಡೆ ತಿರುಗ್ತಿದ್ರಲ್ಲ, ನಾನು ನೋಡಿಲ್ವಾ?" ಎಂದರು.

ಸೈಕಲ್ಲನ್ನು ಮತ್ತೆ ಕಾರಿಗೆ ಏರಿಸಿ ಮನೆಗೆ ಬಂದೆ. ಟ್ರಿಪ್ಪಿಗೆ ಬರುವುದಿಲ್ಲ ಎಂದು ಒಂದೇ ಸಾಲಿನ ಇಮೇಲ್ ಕಳಿಸಿದೆ. ಬೇಸಿಗೆಯಲ್ಲಿ ಅವರು ಮೂವರೇ ಹೋದರು.

ಆ ವರ್ಷ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ಪೊವೇಯ ಗುಡ್ಡಗಳೆಲ್ಲ ಸುಟ್ಟವು. ಅದಾಗಿ ಕೆಲವು ವಾರಕ್ಕೆ ದೀಪಾವಳಿ ಕಾರ್ಯಕ್ರಮ. ಸ್ಯಾನ್ ಡಿಯೇಗೋ, ಲಾಸ್ ಏಂಜಲಿಸ್ ಎರಡೂ ಕಡೆಯ ಕನ್ನಡದವರು ಸೇರಿ ಒಂದು ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದಿದ್ದರು. ಮಕ್ಕಳ ಡ್ಯಾನ್ಸ್ ಮುಗಿದ ಮೇಲೆ ಡೈರೆಕ್ಟರು ತಮ್ಮ ಪ್ರವಾಸದ ಚಿತ್ರಗಳನ್ನು ತೋರಿಸುವುದಿತ್ತು. ಮೇಷ್ಟ್ರೂ ಆಂಟಿಯೂ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ನಾನು ಅವರಿಗೆ ಕಾಣದಂತೆ ಹಿಂದೆ ಕೂತಿದ್ದೆ. ಪೊಮೊನಾದಿಂದ ಬಂದಂದಿನಿಂದ ಅವರ ಜೊತೆ ಮಾತಾಡಿರಲಿಲ್ಲ.

ಚಿತ್ರಗಳು ಬಂದವು. ಮೋಡಕ್ಕೆ ಚುಚ್ಚಿಕೊಂಡ ಬಿಳಿ ಬಂಡೆಗಳ ಮುಂದೆ ಮೂವರು. ಕೇಬಲ್ ಕಾರಿನ ಬಾಗಿಲಲ್ಲಿ ಮೂವರು. ಸೈಕಲ್ ತಲೆಯ ಮೇಲೆ ಎತ್ತಿ ಹಿಡಿದ ಡೈರೆಕ್ಟರು. ಸೈಕಲ್ ತುಳಿಯುತ್ತಿರುವ ಚಿತ್ರಗಳು ಎಷ್ಟಿದ್ದವೋ, ನನಗೆ ನೆನಪಿರುವುದು ಒಂದು. ಎಲ್ಲ ಮುಗಿದ ಮೇಲೆ ಸಭೆಯಲ್ಲಿ ಯಾರೋ, "ನಿಮ್ಮ ಗುಂಪಿಗೆ ಗುರುಗಳು ನಮ್ಮ ಪ್ರೊಫೆಸರ್ ಅಲ್ವಾ? ಅವರೇಕೆ ಕಾಣಿಸ್ಲಿಲ್ಲ?" ಎಂದು ಕೇಳಿದರು.

ಡೈರೆಕ್ಟರು ಮೈಕಿನಲ್ಲಿ ದನಿ ಇಳಿಸಿ, "ಪಾಪ, ಅವರಿಗೆ ಸ್ವಲ್ಪ ಹಾರ್ಟ್ ಪ್ರಾಬ್ಲಮ್ಮು. ನಾವು ಎಷ್ಟೋ ಹೇಳಿದ್ವಿ, ಬನ್ನಿ ಅಂತ," ಎಂದರು.

ಹಾಲಿನ ತಲೆಗಳೆಲ್ಲ ಮೂರನೆಯ ಸಾಲಿಗೆ ತಿರುಗಿದವು. ಅಯ್ಯೋ ಎಂಬ ದನಿಗಳು. ಆಂಟಿ ಏಳಲು ಹೋದರು, ಮೇಷ್ಟ್ರು ಅವರ ಕೈ ಹಿಡಿದು ಕೂರಿಸಿದರು. ಆಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. ತಿಂಗಳುಗಟ್ಟಲೆ ನುಂಗಿಕೊಂಡಿದ್ದೆಲ್ಲ ಒಂದೇ ಸಲಕ್ಕೆ ಬಂತು.

"ಸುಳ್ಳು ಹೇಳ್ಬೇಡಿ. ಅವರ ಹಾರ್ಟಿಗೆ ಏನೂ ಆಗಿಲ್ಲ. ಅವರು ಹಲ್ಲಿನ ಸೆಟ್ಟು ತೆಗೆದು ತೊಳೀತಾರೆ, ಅದು ನಮಗೆ ಅಸಹ್ಯ ಅನ್ನಿಸ್ತು. ಅದಕ್ಕೇ ಬಿಟ್ಟು ಹೋಗಿದ್ದು. ನಾನೂ ಅದರಲ್ಲಿ ಸೇರಿದ್ದೆ."

ಹೇಳುವಾಗ ಎದೆ ಹಗುರವಾದದ್ದು ನಿಜ. ಒಂದು ಕ್ಷಣ ನನ್ನ ಬಗ್ಗೆ ನನಗೇ ಹೆಮ್ಮೆ ಎನ್ನಿಸಿದ್ದೂ ನಿಜ. ಆಮೇಲೆ ಮೇಷ್ಟ್ರ ಕಡೆ ನೋಡಿದೆ. ಅವರ ಒಂದು ಕೈ ಬಾಯಿಗೆ ಹೋಗಿತ್ತು. ಹಲ್ಲಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ನನಗೆ ವಯಸ್ಸಾಯಿತು, ಇವರು ಹೆದರಿಕೊಂಡಿದ್ದಾರೆ ಪಾಪ, ಎಂದು ತಮ್ಮಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದಿರಬೇಕು. ಆ ಸಮಾಧಾನವನ್ನು ನಾನು ಇಡೀ ಹಾಲಿನ ಮುಂದೆ ಕಿತ್ತುಕೊಂಡೆ. ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು.

ಊಟಕ್ಕೆ ಎಲ್ಲರೂ ಏಳುವಾಗ ಆಂಟಿ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಿನಗೆ ಕಕ್ಕಿಕೊಳ್ಳೋಕೆ ಬೇರೆ ಜಾಗ ಸಿಗಲಿಲ್ವೇನಮ್ಮ?" ಎಂದರು, ಅಷ್ಟೇ. ಇಬ್ಬರೂ ಊಟ ಮಾಡದೆ ಹೋದರು. ನನ್ನ ತಟ್ಟೆಯಲ್ಲಿ ಒಬ್ಬಟ್ಟು ತುಪ್ಪದಲ್ಲಿ ತಣ್ಣಗಾಗಿ ಬಿಳಿಯ ಪೊರೆ ಕಟ್ಟಿತ್ತು. ನಾಲ್ಕೈದು ಜನ ಬಂದು, ಧೈರ್ಯವಾಗಿ ಹೇಳಿದ್ರಿ, ಭೇಷ್ ಎಂದು ಬೆನ್ನು ತಟ್ಟಿದರು. ಅವರ ಕೈ ಮೈಗೆ ಸೋಕಿದಾಗ ಕಂಬಳಿಹುಳ ಹರಿದಂತಾಯಿತು.

ಎರಡು ತಿಂಗಳು ಬಿಟ್ಟು ಮತ್ತೆ ಪೊಮೊನಾಕ್ಕೆ ಹೋದೆ. ಮೊದಲೇ ಫೋನ್ ಮಾಡಿ ಕೇಳಿದ್ದೆ. ಬನ್ನಿ ಎಂದಿದ್ದರು. ಮೇಷ್ಟ್ರು ಗ್ಯಾರೇಜಿನಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿಟ್ಟುಕೊಂಡು ಕೂತಿದ್ದರು. ನನಗೊಂದು ಸ್ಟೂಲು ತೋರಿಸಿದರು. ತಪ್ಪಾಯಿತು ಅಂಕಲ್ ಎಂದೆ. ಪೂರ್ತಿ ಹೇಳಿದೆ, ಲೋಟ ಕಸಕ್ಕೆ ಹೋದದ್ದೊಂದನ್ನು ಬಿಟ್ಟು. ಅವರು ಗಾಲಿಯ ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮಿಡಿದು ಬಿಗಿ ನೋಡುತ್ತಾ ಕೇಳಿಸಿಕೊಂಡರು.

"ನೀವು ನನ್ನ ಪರವಾಗಿ ಮಾತಾಡಿದ್ರಿ ಅಂತ ಎಲ್ಲರೂ ಹೇಳ್ತಾರೆ," ಎಂದರು ಕೊನೆಗೆ. "ನನಗೆ ಹಾಗೆ ಕೇಳಿಸಲಿಲ್ಲಮ್ಮಾ."

ನಾನು ಸ್ಟೂಲಿನ ಪಕ್ಕ ಬಿದ್ದಿದ್ದ ನಟ್ಟೊಂದನ್ನು ಎತ್ತಿ ಅವರ ಕೈಗೆ ಕೊಟ್ಟೆ.

"ಹೋಗಲಿ ಬಿಡಿ. ಒಂದು ಮಾತು. ಅಷ್ಟು ಭಾನುವಾರಗಳಲ್ಲಿ ಒಂದು ದಿನ ನನ್ನನ್ನ ಪಕ್ಕಕ್ಕೆ ಕರೆದು, 'ಅಂಕಲ್, ಅದನ್ನ ಆ ಮರದ ಹಿಂದೆ ಹೋಗಿ ತೊಳೀರಿ' ಅಂತ ಹೇಳಿದ್ರೆ ನಾನು ಹೋಗ್ತಿದ್ದೆ. ಹಾಸ್ಟೆಲ್ಲಿನಲ್ಲಿ ಬೆಳೆದವನು, ನನಗೆ ಅದೆಲ್ಲ ತಿಳಿಯಲ್ಲ. ಹೇಳಿದ್ರೆ ತಿಳಿಯತ್ತೆ."

ಅಷ್ಟು ಸುಲಭವಿತ್ತು. ಒಂದು ಮಾತು, ಒಂದು ಮರ. ನಾವು ನಾಲ್ಕು ಜನ ಓದಿದವರು, ಅದರ ಬದಲು ಇಟಲಿಯ ಒಂದು ಪರ್ವತಶ್ರೇಣಿಯನ್ನೇ ಆರಿಸಿಕೊಂಡಿದ್ದೆವು.

ಮುಂದಿನ ಬೇಸಿಗೆಗೆ ಬ್ಲ್ಯಾಕ್ ಫಾರೆಸ್ಟಿಗೆ ಹೊರಟಿದ್ದೇನೆ ಎಂದರು. ತಮ್ಮ ಬಳಿ ಹಿಂದೆ ಓದಿದ ಇಬ್ಬರು ಜೊತೆಗೆ ಬರುತ್ತಾರಂತೆ. ಆಂಟಿ ರೈಲಿನಲ್ಲಿ ಮುಂದೆ ಹೋಗಿ ಪ್ರತಿ ಸಂಜೆ ಆಯಾ ಊರಿನಲ್ಲಿ ಕಾದಿರುವುದು. "ನಿಮ್ಮನ್ನ ಬನ್ನಿ ಅಂತ ಕರೆಯಲ್ಲಮ್ಮಾ," ಎಂದರು. ಸಿಟ್ಟಿಲ್ಲದೆ, ಇವತ್ತು ಅಂಗಡಿ ರಜ ಎನ್ನುವ ಹಾಗೆ ಹೇಳಿದರು. "ನನಗೆ ಕಷ್ಟವಾಗತ್ತೆ." ಗಾಲಿಯನ್ನು ಜೋಡಿಸಿ, ಒಮ್ಮೆ ತಿರುಗಿಸಿ ನೋಡಿ, ಕೈ ತೊಳೆಯಲು ಒಳಗೆ ಹೋದರು. ಆಂಟಿ ಕಾಫಿ ತಂದುಕೊಟ್ಟರು. ಕುಡಿದು ಬಂದೆ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಅವರು ಹೋಗಿ, ಏಳು ದಿನವೂ ತುಳಿದು, ಆರೋಗ್ಯವಾಗಿ ವಾಪಸ್ ಬಂದರು ಎಂದು ಬೇರೆಯವರಿಂದ ಕೇಳಿದೆ. ಕಾರ್ಮೆಲ್ ವ್ಯಾಲಿಯವರಿಗೂ ಡಾಕ್ಟರಿಗೂ ಏನೂ ಆಗಲಿಲ್ಲ. ಸಮಾರಂಭಗಳಲ್ಲಿ ಎದುರಾದರೆ ನಗುತ್ತಾರೆ, ನಾನೂ ನಗುತ್ತೇನೆ. ಸುಟ್ಟ ಗುಡ್ಡದ ದಾರಿಗಳು ಮತ್ತೆ ತೆರೆದಾಗ ಒಬ್ಬಳೇ ಕೆಲವು ಸಲ ಹೋದೆ. ಪ್ರತಿ ತಿರುವಿನಲ್ಲೂ ಕರಿಬೂದಿ ಎದ್ದು ಮೂಗು, ಗಂಟಲು, ಉಗುರಿನ ಸಂದಿಯನ್ನೆಲ್ಲ ತುಂಬುತ್ತಿತ್ತು. ಮನೆಗೆ ಬಂದು ಎಷ್ಟು ಉಜ್ಜಿದರೂ ಎರಡು ದಿನ ಕೆಮ್ಮಿದರೆ ಕಪ್ಪು ಕಫ. ನಾಲ್ಕನೆಯ ಸಲ ಅರ್ಧ ಏರಿನಲ್ಲೇ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ವಾಪಸ್ ಬಂದೆ. ಅದಾದ ಮೇಲೆ ಗುಡ್ಡಕ್ಕೆ ಹೋಗಲಿಲ್ಲ.